ಮೊಬೈಲ್‌ಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾ ಕ್ಯಾನ್ಸರ್ ಪತ್ತೆ ಮಾಡುತ್ತದೆಯೇ?

"ಮ್ಯಾಮೊಗ್ರಾಂ ಬೇಡ, ಎಕ್ಸ್-ರೇ ಬೇಡ, ಯಾರೂ ಮೈ ಮುಟ್ಟುವುದಿಲ್ಲ. ಮೊಬೈಲ್‌ಗೆ ಈ ಚಿಕ್ಕ ಕ್ಯಾಮೆರಾ ಸಿಕ್ಕಿಸಿ ಒಂದು ಫೋಟೊ ತೆಗೆದರೆ ಸಾಕು, ಕ್ಯಾನ್ಸರ್ ಇದ್ದ ಜಾಗ ಕೆಂಪಗೆ ಕಾಣುತ್ತದೆ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ತಪ್ಪದೇ ಕಳುಹಿಸಿ."

ಈ ಧಾಟಿಯ ಸಂದೇಶ, ಜೊತೆಗೆ ನೀಲಿ-ಹಸಿರು-ಕೆಂಪು ಬಣ್ಣದ ಒಂದು ಚಿತ್ರ, ನಿಮಗೂ ಬಂದಿರಬಹುದು. ನಮಗೆ ಓದುಗರಿಂದ ಬಂತು. ಬಂದ ದಿನವೇ ಇದನ್ನು ಸುಳ್ಳು ಎಂದು ಒಂದು ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ಇದರಲ್ಲಿ ನಿಜವೂ ಬೆರೆತಿದೆ. ಅಂಥ ಕ್ಯಾಮೆರಾ ಇದೆ, ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೆಲವು ಆಸ್ಪತ್ರೆಗಳಲ್ಲಿ ವೈದ್ಯರೂ ಬಳಸುತ್ತಾರೆ. ಹಾಗಾಗಿ ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಬಿಡಿಸಿ ಹೇಳುವುದೇ ಸರಿ ಅನ್ನಿಸಿತು.

ಇನ್ನೊಂದು ಕಾರಣವೂ ಇದೆ. ನಮ್ಮ ತಂಡದ ಗೆಳತಿಯೊಬ್ಬಳ ಚಿಕ್ಕಮ್ಮ ಕಳೆದ ವರ್ಷ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಒಂದು ಶಿಬಿರಕ್ಕೆ ಹೋಗಿದ್ದರು. ಅಲ್ಲಿ ಇಂಥ ಕ್ಯಾಮೆರಾದಿಂದ ಫೋಟೊ ತೆಗೆದು, ಬಣ್ಣದ ಪ್ರಿಂಟ್ ಕೊಟ್ಟು, "ಎಲ್ಲಾ ನೀಲಿ ಇದೆ, ಏನೂ ತೊಂದರೆ ಇಲ್ಲ ಅಮ್ಮ" ಎಂದು ಕಳುಹಿಸಿದ್ದರು. ಆ ವಿಷಯಕ್ಕೆ ಮುಂದೆ ಬರುತ್ತೇವೆ.

ಈ ಕ್ಯಾಮೆರಾಗೆ ಕಾಣುವುದು ಏನು?

1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣವಾಗಿ ಒಡೆದು, ಒಂದೊಂದು ಬಣ್ಣದ ಬಿಸಿ ಎಷ್ಟು ಎಂದು ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಬಣ್ಣ ಮುಗಿದು ಏನೂ ಕಾಣದ ಜಾಗದಲ್ಲಿ ಇಟ್ಟಾಗಲೂ ಪಾದರಸ ಏರಿತು. ಆ ಕಾಣದ ಕಿರಣವೇ ಶಾಲೆಯಲ್ಲಿ ನಾವು ಓದಿದ ಅವಕೆಂಪು ಕಿರಣ, ಇಂಗ್ಲಿಷಿನ ಇನ್‌ಫ್ರಾರೆಡ್.

ಬಿಸಿ ಇರುವ ಪ್ರತಿಯೊಂದು ವಸ್ತುವೂ ಅವಕೆಂಪು ಕಿರಣ ಬಿಡುತ್ತಲೇ ಇರುತ್ತದೆ. ಕಾವಲಿ, ಗೋಡೆ, ಹಸು, ನೀವು, ನಾವು ಎಲ್ಲರೂ. ನಮ್ಮ ಚರ್ಮ ಸಾಮಾನ್ಯವಾಗಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟು ಬಿಸಿಯ ವಸ್ತುವಿನಿಂದ ಬರುವ ಕಿರಣದ ತರಂಗಾಂತರ ಹೆಚ್ಚಾಗಿ 9ರಿಂದ 10 ಮೈಕ್ರಾನ್ ಆಸುಪಾಸು. ಥರ್ಮಲ್ ಕ್ಯಾಮೆರಾ ಹಿಡಿಯುವುದು ಇದನ್ನೇ. ಅದರ ಸೆನ್ಸರ್‌ನಲ್ಲಿ ಸಾವಿರಾರು ಪುಟ್ಟ ಹಾಳೆಗಳಿವೆ. ಕಿರಣ ಬಿದ್ದ ಹಾಳೆ ಚೂರೇ ಚೂರು ಬಿಸಿಯಾಗುತ್ತದೆ, ಬಿಸಿಯಾದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯನ್ನು ಲೆಕ್ಕ ಹಾಕಿ ಉಷ್ಣಾಂಶ ಎನ್ನುತ್ತದೆ. ಮೊದಲು ಮಿಲಿಟರಿಗಾಗಿ ಬೆಳೆದ ತಂತ್ರ ಇದು. 2014ರಲ್ಲಿ ಫ್ಲಿರ್ ಕಂಪನಿ ಐಫೋನ್‌ಗೆ ಸಿಕ್ಕಿಸುವ ಮಾದರಿಯನ್ನು ಮಾರುಕಟ್ಟೆಗೆ ತಂದ ಮೇಲೆ ಜನಸಾಮಾನ್ಯರ ಕೈಗೂ ಬಂತು. ಇವತ್ತು ಇದನ್ನು ಹೆಚ್ಚು ಬಳಸುವವರು ಎಲೆಕ್ಟ್ರಿಷಿಯನ್‌ಗಳು, ಎಸಿ ರಿಪೇರಿಯವರು, ಗೋಡೆಯೊಳಗೆ ನೀರು ಸೋರುವುದನ್ನು ಹುಡುಕುವವರು.

ಇಲ್ಲಿ ಒಂದು ಮಾತು ಗಮನಿಸಿ. ಈ ಕಿರಣ ದೇಹದ ಒಳಗಿನಿಂದ ತೂರಿಕೊಂಡು ಬರುವುದಿಲ್ಲ. ಚರ್ಮದ ಮೇಲ್ಪದರದಿಂದ, ಒಂದು ಮಿಲಿಮೀಟರ್‌ಗಿಂತಲೂ ಕಡಿಮೆ ದಪ್ಪದಿಂದ ಹೊರಡುತ್ತದೆ. ಅಂದರೆ ಥರ್ಮಲ್ ಕ್ಯಾಮೆರಾ ಎಕ್ಸ್-ರೇ ಹಾಗೆ ಒಳಗನ್ನು ನೋಡುವುದೇ ಇಲ್ಲ. ಚರ್ಮದ ಮೇಲಿನ ಬಿಸಿಯನ್ನಷ್ಟೇ ನೋಡುತ್ತದೆ. ಒಳಗೆ ಏನೋ ಆಗಿ ಅದರಿಂದ ಚರ್ಮ ಬಿಸಿಯಾದರೆ ಮಾತ್ರ ಅದಕ್ಕೆ ಸುಳಿವು ಸಿಗುತ್ತದೆ. ಈ ಕಿರಣಕ್ಕೆ ಕಿಟಕಿಯ ಗಾಜು ಕೂಡ ಗೋಡೆಯ ಹಾಗೆಯೇ. ಗಾಜಿನ ಮುಂದೆ ಕ್ಯಾಮೆರಾ ಹಿಡಿದರೆ ಆಚೆಯ ಮರ ಕಾಣುವುದಿಲ್ಲ, ನಿಮ್ಮ ಬಿಸಿಯ ಪ್ರತಿಬಿಂಬ ಕಾಣುತ್ತದೆ. ಅದಕ್ಕೇ ಈ ಕ್ಯಾಮೆರಾಗಳಿಗೆ ಗಾಜಿನ ಬದಲು ಜರ್ಮೇನಿಯಂನಂಥ ವಸ್ತುವಿನ ಲೆನ್ಸ್ ಹಾಕುತ್ತಾರೆ.

ಬರೀ ಆ್ಯಪ್ ಹಾಕಿಕೊಂಡರೆ ಆಗುತ್ತದೆಯೇ?

ಆಗುವುದಿಲ್ಲ. "ಥರ್ಮಲ್ ಕ್ಯಾಮೆರಾ" ಹೆಸರಿನ ಆ್ಯಪ್‌ಗಳು ಮಾಮೂಲಿ ಫೋಟೊಗೆ ಬಣ್ಣ ಬಳಿಯುತ್ತವೆ, ಅಷ್ಟೇ. ಬಿಳಿ ಅಂಗಿ ಕೆಂಪು, ಕಪ್ಪು ಕೂದಲು ನೀಲಿ. ಫೋನಿನ ಮಾಮೂಲಿ ಕ್ಯಾಮೆರಾ ಸಿಲಿಕಾನ್‌ನದು, ಅದು ಹೆಚ್ಚೆಂದರೆ ಸುಮಾರು 1 ಮೈಕ್ರಾನ್‌ವರೆಗಿನ ಬೆಳಕನ್ನು ಹಿಡಿಯುತ್ತದೆ. ಮೈಬಿಸಿಯ 9 ಮೈಕ್ರಾನ್ ಎಲ್ಲಿ, ಇದೆಲ್ಲಿ.

ಮನೆಯಲ್ಲೇ ನೋಡಿ. ಟಿವಿ ರಿಮೋಟ್‌ನ ತುದಿಯನ್ನು ಫೋನಿನ ಸೆಲ್ಫಿ ಕ್ಯಾಮೆರಾ ಕಡೆ ತಿರುಗಿಸಿ ಬಟನ್ ಒತ್ತಿ. ಕಣ್ಣಿಗೆ ಕಾಣದ ಬೆಳಕು ಹಲವು ಫೋನ್‌ಗಳ ಪರದೆಯಲ್ಲಿ ನೇರಳೆಯಾಗಿ ಮಿನುಗುತ್ತದೆ. ರಿಮೋಟ್‌ನ ಕಿರಣ ಸುಮಾರು 0.94 ಮೈಕ್ರಾನ್, ಅದಕ್ಕೇ ಕಂಡಿತು. ಈಗ ಅದೇ ಕ್ಯಾಮೆರಾವನ್ನು ಬಿಸಿ ಕಾಫಿ ಲೋಟದ ಕಡೆ ತಿರುಗಿಸಿ. ಏನೂ ಕಾಣುವುದಿಲ್ಲ. ಎರಡೂ ಅವಕೆಂಪೇ, ಆದರೆ ಬೇರೆ ಬೇರೆ.

ಕೆಂಪು ಎಂದರೆ ಕಾಯಿಲೆಯಲ್ಲ

ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ಸ್ವಿಚ್‌ಬೋರ್ಡ್ ತಪಾಸಣೆಗೆ ಇಟ್ಟುಕೊಂಡಿದ್ದ ಕ್ಯಾಮೆರಾವನ್ನು ಎರಡು ದಿನಕ್ಕೆ ಕೇಳಿ ತಂದು ನಾವೂ ಆಡಿಸಿ ನೋಡಿದೆವು. ಮೇಜಿನ ಮೇಲೆ ಅಂಗೈ ಊರಿ ತೆಗೆದರೆ, ಕೈ ತೆಗೆದ ಮೇಲೂ ಮೇಜಿನಲ್ಲಿ ಐದು ಬೆರಳು ಹೊಳೆಯುತ್ತಿತ್ತು. ಬಿಸಿಲಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದವರ ಹಣೆ ಧಗಧಗ ಉರಿಯುವ ಹಾಗೆ ಕಂಡಿತು, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂತಾಗ ತಣ್ಣಗಾಯಿತು. ತಣ್ಣೀರು ಕುಡಿದವರ ತುಟಿ ಕಪ್ಪು, ಮಾಸ್ಕ್ ತೆಗೆದವರ ಗಲ್ಲ ಬಿಳಿ. ಮಕ್ಕಳಿದ್ದಿದ್ದರೆ ಇಡೀ ದಿನ ಅದರಲ್ಲೇ ಕಳೆಯುತ್ತಿದ್ದರು.

ಅದನ್ನು ಬಳಸುವಾಗ ನಮಗೆ ಚೆನ್ನಾಗಿ ಅರ್ಥವಾದದ್ದು ಬಣ್ಣದ ವಿಷಯ. ಈ ಬಣ್ಣಗಳು ದೇಹದಲ್ಲಿ ಇರುವುದಿಲ್ಲ, ಸಾಫ್ಟ್‌ವೇರ್ ಹಚ್ಚುತ್ತದೆ. ಸಾಮಾನ್ಯವಾಗಿ ಆ ಚೌಕಟ್ಟಿನಲ್ಲಿ ಅತಿ ಬಿಸಿ ಇರುವುದಕ್ಕೆ ಕೆಂಪು ಅಥವಾ ಬಿಳಿ, ಅತಿ ತಂಪಿಗೆ ನೀಲಿ ಎಂದು ತಾನೇ ಹಂಚಿಕೊಳ್ಳುತ್ತದೆ. ಎದುರಿಗೆ ಬರೀ ಮೈ ಇದ್ದರೆ ಒಂದೆರಡು ಡಿಗ್ರಿ ವ್ಯತ್ಯಾಸಕ್ಕೇ ಕೆಂಪು-ನೀಲಿ ಬರುತ್ತದೆ. ಅದೇ ಚೌಕಟ್ಟಿನಲ್ಲಿ ಬಿಸಿ ಕಾಫಿ ಲೋಟ ಇಟ್ಟರೆ ಇಡೀ ಮೈ ನೀಲಿಯಾಗಿಬಿಡುತ್ತದೆ. ಹಾಗಾಗಿ "ನೀಲಿ ಇದೆ, ತೊಂದರೆ ಇಲ್ಲ" ಎಂಬುದಕ್ಕೂ ಅರ್ಥವಿಲ್ಲ, "ಕೆಂಪು ಇದೆ, ಗಾಬರಿ" ಎಂಬುದಕ್ಕೂ ಅರ್ಥವಿಲ್ಲ. ಬಣ್ಣದ ಪಕ್ಕದಲ್ಲಿ ಡಿಗ್ರಿಯ ಅಳತೆಪಟ್ಟಿ ಇಲ್ಲದ ಚಿತ್ರ ಯಾರಾದರೂ ಕಳಿಸಿದರೆ ಅದನ್ನು ಚಿತ್ರ ಎಂದಷ್ಟೇ ನೋಡಿ.

ಇನ್ನೊಂದು ಚಮತ್ಕಾರ. ಈ ಫೋಟೊಗಳಲ್ಲಿ ಮೂಗು, ಕಣ್ಣು, ಬೆರಳಿನ ಗೆರೆ ಎಲ್ಲ ಸ್ಪಷ್ಟವಾಗಿ ಕಾಣುತ್ತವಲ್ಲ? ಹಲವು ಮಾದರಿಗಳಲ್ಲಿ ಆ ಗೆರೆಗಳು ಪಕ್ಕದಲ್ಲೇ ಇರುವ ಮಾಮೂಲಿ ಕ್ಯಾಮೆರಾದಿಂದ ತಂದು ಮೇಲೆ ಕೂರಿಸಿದ್ದು. ನಿಜವಾದ ಥರ್ಮಲ್ ಚಿತ್ರ ಬಹಳ ಒರಟು. ಮೊದಲ ಮಾದರಿಗಳಲ್ಲಿ 80×60, ಅಂದರೆ 4,800 ಚುಕ್ಕೆ. ಆಮೇಲೆ ಬಂದ ದುಬಾರಿ ಮಾದರಿಯಲ್ಲಿ 160×120, ಅಂದರೆ 19,200 ಚುಕ್ಕೆ. ನಿಮ್ಮ ಫೋನಿನ 12 ಮೆಗಾಪಿಕ್ಸೆಲ್ ಎಂದರೆ 1.2 ಕೋಟಿ ಚುಕ್ಕೆ. 160 ಚುಕ್ಕೆ ಅಗಲದ, ಸುಮಾರು 55 ಡಿಗ್ರಿ ನೋಟದ ಕ್ಯಾಮೆರಾವನ್ನು ಒಂದು ಮೀಟರ್ ದೂರದಲ್ಲಿ ಹಿಡಿದರೆ ಒಂದೊಂದು ಚುಕ್ಕೆಯೂ 6 ಮಿಲಿಮೀಟರ್‌ಗಿಂತ ಹೆಚ್ಚು ಅಗಲದ ಚರ್ಮದ ಸರಾಸರಿ. ಒಂದು ಹೆಸರುಕಾಳಿನಷ್ಟು ಜಾಗ ಬಿಸಿಯಾಗಿದ್ದರೆ ಅದು ಆ ಸರಾಸರಿಯಲ್ಲಿ ಕರಗಿ ಹೋಗುತ್ತದೆ.

ಅಂಗಡಿಯ ತಕ್ಕಡಿ ಮತ್ತು ಮೂರು ಡಿಗ್ರಿ

ಜಾಹೀರಾತಿನಲ್ಲಿ "0.1 ಡಿಗ್ರಿ ವ್ಯತ್ಯಾಸವನ್ನೂ ಹಿಡಿಯುತ್ತದೆ" ಎಂದಿರುತ್ತದೆ. ಅದು ಸುಳ್ಳಲ್ಲ. ಆದರೆ ಅದೇ ಕ್ಯಾಮೆರಾದ ವಿವರಪಟ್ಟಿಯಲ್ಲಿ ಕೆಳಗೆ ನಿಖರತೆ ಎಂಬ ಸಾಲು ಹುಡುಕಿ. ಫೋನ್‌ಗೆ ಸಿಕ್ಕಿಸುವ ಹೆಸರಾಂತ ಮಾದರಿಯೊಂದರಲ್ಲಿ ಅಲ್ಲಿರುವುದು ±3 ಡಿಗ್ರಿ ಸೆಲ್ಸಿಯಸ್ ಅಥವಾ ±5 ಶೇಕಡ.

ಎರಡೂ ಹೇಗೆ ನಿಜವಾಗುತ್ತವೆ? ದಿನಸಿ ಅಂಗಡಿಯ ತಕ್ಕಡಿ ಸೊನ್ನೆಗೆ ಬಾರದೆ ಯಾವಾಗಲೂ 200 ಗ್ರಾಂ ಜಾಸ್ತಿ ತೋರಿಸುತ್ತದೆ ಎಂದುಕೊಳ್ಳಿ. ಎರಡು ಪೊಟ್ಟಣಗಳಲ್ಲಿ ಯಾವುದು ಭಾರ ಎಂದು ಅದು ಸರಿಯಾಗಿಯೇ ಹೇಳುತ್ತದೆ. ಆದರೆ ಒಂದು ಪೊಟ್ಟಣದ ತೂಕ ನಿಜವಾಗಿ ಎಷ್ಟು ಎಂದು ಕೇಳಿದರೆ ತಪ್ಪು ಹೇಳುತ್ತದೆ. ಈ ಕ್ಯಾಮೆರಾದ ಕಥೆಯೂ ಅದೇ. ಪಕ್ಕಪಕ್ಕದ ಎರಡು ಜಾಗದಲ್ಲಿ ಯಾವುದು ಬಿಸಿ ಎನ್ನುವುದರಲ್ಲಿ ಜಾಣ, ನಿಜವಾದ ಡಿಗ್ರಿ ಹೇಳುವುದರಲ್ಲಿ ದಡ್ಡ. ಸಾಲದ್ದಕ್ಕೆ ಫೋನಿನ ಬಿಸಿಯಿಂದ, ತನ್ನದೇ ಬಿಸಿಯಿಂದ ಓದು ಜಾರುತ್ತಲೂ ಇರುತ್ತದೆ. ಆಗಾಗ "ಟಿಕ್" ಎಂದು ಸದ್ದು ಬಂದು ಚಿತ್ರ ಒಂದು ಕ್ಷಣ ನಿಲ್ಲುವುದು ಕೆಟ್ಟು ಹೋಗಿ ಅಲ್ಲ. ಒಳಗಿನ ಒಂದು ಪುಟ್ಟ ಮುಚ್ಚಳ ಅಡ್ಡ ಬಂದು, ಅದನ್ನು ನೋಡಿಕೊಂಡು ಕ್ಯಾಮೆರಾ ತನ್ನನ್ನು ತಾನು ಸರಿಪಡಿಸಿಕೊಳ್ಳುವ ಸದ್ದು ಅದು.

ಜ್ವರದ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ. 36.8 ಇದ್ದವರಿಗೆ ±3 ಎಂದರೆ 33.8 ಎಂದೂ ತೋರಿಸಬಹುದು, 39.8 ಎಂದೂ ತೋರಿಸಬಹುದು. ಒಬ್ಬರಿಗೆ ಜ್ವರವಿದ್ದೂ ಇಲ್ಲ, ಇನ್ನೊಬ್ಬರಿಗೆ ಇಲ್ಲದೆಯೂ ಇದೆ.

ಜ್ವರ ತಪಾಸಣೆಗೆಂದೇ ಮಾಡಿದ ಥರ್ಮಲ್ ಕ್ಯಾಮೆರಾಗಳು ಬೇರೆ. 2003ರಲ್ಲಿ ಸಾರ್ಸ್ ಹರಡಿದಾಗ ಸಿಂಗಪುರದಂಥ ಕಡೆ ವಿಮಾನ ನಿಲ್ದಾಣಗಳಲ್ಲಿ ಅವು ಬಂದವು, ಕೋವಿಡ್ ಕಾಲದಲ್ಲಿ ಮಾಲು, ಕಚೇರಿಗಳಿಗೂ ಬಂದವು. ಅವಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ನಿಖರತೆ ±0.5 ಡಿಗ್ರಿಯೊಳಗೆ ಇರಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅವನ್ನು ಬಳಸುವ ರೀತಿಯನ್ನೂ ಹೇಳಿದೆ. ಕೋಣೆ 20ರಿಂದ 24 ಡಿಗ್ರಿ ಇರಬೇಕು. ಬಂದವರು ಕನಿಷ್ಠ 15 ನಿಮಿಷ ಅಲ್ಲಿ ಕಾಯಬೇಕು, ವ್ಯಾಯಾಮ ಅಥವಾ ಸ್ನಾನ ಮಾಡಿ ಬಂದಿದ್ದರೆ 30 ನಿಮಿಷ. ಒಂದು ಸಲಕ್ಕೆ ಒಬ್ಬರನ್ನೇ ನೋಡಬೇಕು. ಕನ್ನಡಕ, ಟೋಪಿ ತೆಗೆದು, ಕಣ್ಣಿನ ಒಳಮೂಲೆ ಕಾಣುವ ಹಾಗೆ ನಿಲ್ಲಬೇಕು, ಯಾಕೆಂದರೆ ಮುಖದಲ್ಲಿ ದೇಹದ ಒಳಬಿಸಿಗೆ ಅತಿ ಹತ್ತಿರವಾದ ಜಾಗ ಅದೇ. ಇಷ್ಟಾಗಿಯೂ ಹೆಚ್ಚು ಬಿಸಿ ಕಂಡವರಿಗೆ ಮಾಮೂಲಿ ಥರ್ಮಾಮೀಟರ್ ಇಟ್ಟು ಮತ್ತೊಮ್ಮೆ ನೋಡಬೇಕು. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗೇಟಿನ ಬಳಿ ಬೈಕ್ ನಿಲ್ಲಿಸಿದವರ ಹಣೆಗೆ ನೇರ ಹಿಡಿದರೆ ಬರುವ ಸಂಖ್ಯೆ ಅವರದ್ದೋ ಸೂರ್ಯನದ್ದೋ ಹೇಳುವುದು ಕಷ್ಟ.

ಸ್ತನ ಕ್ಯಾನ್ಸರ್ ವಿಷಯ

ಯೋಚನೆ ಹೊಸದಲ್ಲ. 1956ರಲ್ಲಿ ಕೆನಡಾದ ಮಾಂಟ್ರಿಯಲ್‌ನ ವೈದ್ಯ ರೇ ಲಾಸನ್, ಸ್ತನ ಕ್ಯಾನ್ಸರ್ ಇದ್ದ ಹೆಂಗಸರಲ್ಲಿ ಗೆಡ್ಡೆಯ ಮೇಲಿನ ಚರ್ಮ ಸ್ವಲ್ಪ ಹೆಚ್ಚು ಬಿಸಿ ಇರುವುದನ್ನು ವರದಿ ಮಾಡಿದರು. ಕಾರಣವೂ ಒಪ್ಪುವಂಥದ್ದೇ. ಬೆಳೆಯುವ ಗೆಡ್ಡೆ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳುತ್ತದೆ, ರಕ್ತ ಹೆಚ್ಚು ಹರಿದರೆ ಬಿಸಿ ಹೆಚ್ಚು.

ಹಾಗಾಗಿ 1973ರಲ್ಲಿ ಅಮೆರಿಕದಲ್ಲಿ ದೊಡ್ಡ ಪ್ರಮಾಣದ ಸ್ತನ ಕ್ಯಾನ್ಸರ್ ತಪಾಸಣಾ ಯೋಜನೆ ಶುರುವಾದಾಗ ಮ್ಯಾಮೊಗ್ರಾಂ, ವೈದ್ಯರ ಕೈಪರೀಕ್ಷೆಯ ಜೊತೆಗೆ ಥರ್ಮಾಗ್ರಫಿಯನ್ನೂ ಸೇರಿಸಿದರು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು. ಇದ್ದ ಕ್ಯಾನ್ಸರ್‌ಗಳನ್ನು ಅದು ತಪ್ಪಿಸುತ್ತಿತ್ತು, ಇಲ್ಲದವರಲ್ಲಿ ಇದೆ ಎನ್ನುತ್ತಿತ್ತು. ಯಾಕೆ ಎಂದರೆ, ಆಳದಲ್ಲಿರುವ ಸಣ್ಣ ಗೆಡ್ಡೆಯ ಬಿಸಿಯನ್ನು ಸುತ್ತಲಿನ ರಕ್ತವೇ ಹೊತ್ತೊಯ್ಯುತ್ತದೆ, ಚರ್ಮದವರೆಗೆ ತಲುಪುವುದಿಲ್ಲ. ಸೋಂಕು, ಹಾಲೂಡಿಸುವುದು, ಮುಟ್ಟಿನ ದಿನಗಳು, ಬಿಗಿ ಬಟ್ಟೆ, ಇವೆಲ್ಲ ಚರ್ಮದ ಬಿಸಿಯನ್ನು ಬದಲಿಸುತ್ತವೆ. ನಾವು ಬೇಗ ಹಿಡಿಯಬೇಕಾದದ್ದು ಸಣ್ಣ ಗೆಡ್ಡೆಯನ್ನು, ಆದರೆ ಈ ವಿಧಾನ ಎಡವುವುದು ಅಲ್ಲೇ.

ಎಫ್‌ಡಿಎ 1982ರಲ್ಲಿ ಥರ್ಮಾಗ್ರಫಿಗೆ ಒಪ್ಪಿಗೆ ಕೊಟ್ಟಿದ್ದು ನಿಜ. ಫಾರ್ವರ್ಡ್‌ಗಳಲ್ಲಿ ಬರುವ "ಎಫ್‌ಡಿಎ ಒಪ್ಪಿದೆ" ಎಂಬ ಮಾತು ಹುಟ್ಟುವುದು ಇಲ್ಲಿಂದ. ಒಪ್ಪಿದ್ದು ಮ್ಯಾಮೊಗ್ರಾಂ ಜೊತೆಗೆ ಪೂರಕವಾಗಿ ಮಾತ್ರ. ಅದೇ ಸಂಸ್ಥೆ 2011ರಲ್ಲಿ, 2017ರಲ್ಲಿ, ಮತ್ತೆ 2019ರಲ್ಲಿ ಎಚ್ಚರಿಕೆ ಹೊರಡಿಸಿ ಥರ್ಮಾಗ್ರಾಂ ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಹೇಳಿದೆ. ಆ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

"ಮ್ಯಾಮೊಗ್ರಾಂ ವಿಕಿರಣದಿಂದಲೇ ಕ್ಯಾನ್ಸರ್ ಬರುತ್ತದೆ" ಎಂಬುದು ಈ ಸಂದೇಶಗಳ ಖಾಯಂ ಸಾಲು. ಒಂದು ಮ್ಯಾಮೊಗ್ರಾಂನಿಂದ ಬರುವ ವಿಕಿರಣ ಸುಮಾರು 0.4 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ನಮಗೆ ಹೇಗೂ ಏಳು ವಾರಗಳಲ್ಲಿ ಬರುವಷ್ಟು.

ಹಾಗೆಂದು ಬೇರೆ ದಾರಿ ಹುಡುಕುವವರನ್ನು ನಾವು ಹೀಗಳೆಯುತ್ತಿಲ್ಲ. ಭಾರತದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್ ಕಂಡುಬಂದಿತು, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು ಎಂಬುದು ಗ್ಲೋಬೊಕ್ಯಾನ್ ಅಂದಾಜು. ಮ್ಯಾಮೊಗ್ರಾಂ ದುಬಾರಿ, ಎಲ್ಲ ತಾಲ್ಲೂಕುಗಳಲ್ಲಿ ಇಲ್ಲ, ಚಿಕ್ಕ ವಯಸ್ಸಿನವರಲ್ಲಿ ಅದೂ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಬೆಂಗಳೂರಿನಲ್ಲೇ 2016ರಲ್ಲಿ ಗೀತಾ ಮಂಜುನಾಥ್ ಮತ್ತಿತರರು ಆರಂಭಿಸಿದ ನಿರಾಮೈ ಕಂಪನಿ ಥರ್ಮಲ್ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ಓದಿಸುವ ವಿಧಾನವನ್ನು ಬೆಳೆಸುತ್ತಿದೆ. ಅಲ್ಲಿ ಫೋಟೊ ತೆಗೆಯುವುದಕ್ಕೆ ಒಂದು ಕ್ರಮವಿದೆ, ಬಣ್ಣ ನೋಡಿ ಯಾರೋ ತೀರ್ಪು ಕೊಡುವುದಿಲ್ಲ, ಅನುಮಾನ ಬಂದವರನ್ನು ಮುಂದಿನ ಪರೀಕ್ಷೆಗೆ ಕಳುಹಿಸುತ್ತಾರೆ. ಅದಕ್ಕೆ 2022ರಲ್ಲಿ ಎಫ್‌ಡಿಎಯಿಂದ ಸಿಕ್ಕ ಒಪ್ಪಿಗೆಯೂ ಪೂರಕ ಪರೀಕ್ಷೆಯಾಗಿ. ಫೋನಿಗೆ ಸಿಕ್ಕಿಸುವ ಎಲೆಕ್ಟ್ರಿಷಿಯನ್ ಕ್ಯಾಮೆರಾವನ್ನು ಇದರೊಂದಿಗೆ ಸೇರಿಸಿ ಮಾತಾಡುವುದು ಸರಿಯಲ್ಲ.

ಕಡಿಮೆ ಖರ್ಚಿನಲ್ಲಿ ಏನು ಸಾಧ್ಯ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉತ್ತರವಿದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಹಿಳೆಯರಿದ್ದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕ್ಯಾನ್ಸರ್ ಬೇಗನೆ ಪತ್ತೆಯಾಗಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಸಾವು ಇಳಿದದ್ದು ಕಾಣಲಿಲ್ಲ, ಅದನ್ನೂ ಹೇಳಬೇಕು. ಸರ್ಕಾರದ ತಪಾಸಣಾ ಕಾರ್ಯಕ್ರಮದಲ್ಲೂ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಈ ಕೈಪರೀಕ್ಷೆ ಇದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ಕೇಳಿ.

ಈಗ ಗೆಳತಿಯ ಚಿಕ್ಕಮ್ಮನ ವಿಷಯ. ಈ ಲೇಖನಕ್ಕಾಗಿ ಆ ಪ್ರಿಂಟ್ ಸಿಗಬಹುದೇ ಎಂದು ಕೇಳಲು ಫೋನ್ ಮಾಡಿದಾಗ ಮಾತಿನ ನಡುವೆ ಅವರೇ ಹೇಳಿದರು: "ಎಡಗಡೆ ಒಂದು ಗಂಟು ಇದ್ದಂಗಿದೆ ಕಣೇ. ಅದಕ್ಕೇ ಆ ಕ್ಯಾಂಪಿಗೆ ಹೋಗಿದ್ದು. ನೀಲಿ ಬಂತಲ್ಲ, ಇನ್ನೇನು ಅಂತ ಸುಮ್ಮನಾದೆ." ಹೋದದ್ದೇ ಗಂಟು ತೋರಿಸಲು. ಬಂದದ್ದು ಬಣ್ಣದ ಹಾಳೆ ಹಿಡಿದುಕೊಂಡು. ಕೈಯಿಂದ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ. ಎಂಟು ತಿಂಗಳು ಕಳೆದಿತ್ತು.

"ಚಿಕ್ಕಮ್ಮ, ನಾಳೆ ಬೆಳಿಗ್ಗೆ ತಿಂಡಿ ಮಾಡ್ಬೇಡಿ, ನಾನೇ ಬರ್ತೀನಿ, ಡಾಕ್ಟರ ಹತ್ರ ಹೋಗೋಣ" ಎಂದಳು ಗೆಳತಿ. ವೈದ್ಯರು ಮುಟ್ಟಿ ನೋಡಿ, ಮ್ಯಾಮೊಗ್ರಾಂ ಮತ್ತು ಅಲ್ಟ್ರಾಸೌಂಡ್ ಬರೆದುಕೊಟ್ಟರು. ಅದು ನೀರು ತುಂಬಿದ ಗುಳ್ಳೆ, ಕ್ಯಾನ್ಸರ್ ಅಲ್ಲ. ಆದರೆ ಅದನ್ನು ಹೇಳಿದ್ದು ಅಲ್ಟ್ರಾಸೌಂಡ್. ನೀಲಿ ಬಣ್ಣಕ್ಕೆ ಅದು ಗುಳ್ಳೆಯೋ ಗೆಡ್ಡೆಯೋ ಗೊತ್ತಿರಲಿಲ್ಲ. ಗಂಟು, ತೊಟ್ಟಿನಿಂದ ರಕ್ತ, ಚರ್ಮ ಕಿತ್ತಳೆ ಸಿಪ್ಪೆಯ ಹಾಗಾಗುವುದು, ತೊಟ್ಟು ಒಳಕ್ಕೆ ಎಳೆದುಕೊಳ್ಳುವುದು, ಇದರಲ್ಲಿ ಯಾವುದು ಕಂಡರೂ ಯಾವ ಕ್ಯಾಮೆರಾ ಏನೇ ಹೇಳಿದ್ದರೂ ವೈದ್ಯರಿಗೆ ತೋರಿಸಿ.

ಹಾಗಾದರೆ ಎಲ್ಲಿ ಉಪಯೋಗ?

ಪಕ್ಕಪಕ್ಕದ ಜಾಗಗಳನ್ನು ಹೋಲಿಸುವ ಕೆಲಸಗಳಲ್ಲಿ. ಎಲ್ಲಕ್ಕಿಂತ ನಮಗೆ ಮುಖ್ಯ ಅನ್ನಿಸಿದ್ದು ಸಕ್ಕರೆ ಕಾಯಿಲೆಯವರ ಪಾದ. ನರ ಸತ್ತ ಪಾದದಲ್ಲಿ ನೋವು ಗೊತ್ತಾಗುವುದಿಲ್ಲ, ಹುಣ್ಣು ಬಾಯಿ ಬಿಟ್ಟ ಮೇಲೆಯೇ ತಿಳಿಯುವುದು. ಆದರೆ ಹುಣ್ಣಾಗುವ ಮುಂಚೆ ಆ ಜಾಗ ಉರಿಯೂತದಿಂದ ಬಿಸಿಯಾಗುತ್ತದೆ. ಅಪಾಯ ಹೆಚ್ಚಿದ್ದ 225 ಮಧುಮೇಹಿಗಳ ಮೇಲೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನವರಿಗೆ ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಟ್ಟು, ದಿನವೂ ಎರಡೂ ಪಾದಗಳ ಅದೇ ಅದೇ ಜಾಗ ಅಳೆಯಲು ಹೇಳಿದರು. ಎರಡರ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಓಡಾಟ ಕಡಿಮೆ ಮಾಡಿ ನರ್ಸ್‌ಗೆ ಫೋನ್ ಮಾಡಬೇಕು. 18 ತಿಂಗಳಲ್ಲಿ ಹೀಗೆ ಅಳೆದವರಲ್ಲಿ ಶೇ 4.7 ಮಂದಿಗೆ ಹುಣ್ಣಾಯಿತು, ಅಳೆಯದವರಲ್ಲಿ ಶೇ 12.2 ಮಂದಿಗೆ. ಎಡ-ಬಲ ಹೋಲಿಕೆ ಆದ್ದರಿಂದ ಇಲ್ಲಿ ತಕ್ಕಡಿಯ 200 ಗ್ರಾಂ ತಪ್ಪು ಎರಡೂ ಕಡೆ ಒಂದೇ ಇರುತ್ತದೆ, ಕಳೆದಾಗ ಹೋಗಿಬಿಡುತ್ತದೆ. ಫೋನಿನ ಕ್ಯಾಮೆರಾವನ್ನೂ ಇದೇ ಕೆಲಸಕ್ಕೆ ಒಗ್ಗಿಸುವ ಪ್ರಯತ್ನಗಳು ನಡೆದಿವೆ. ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ಹಳೆಯ ಸಕ್ಕರೆ ಕಾಯಿಲೆ ಇದ್ದರೆ ಕ್ಯಾಮೆರಾಗೆ ಕಾಯಬೇಡಿ. ದಿನಕ್ಕೊಮ್ಮೆ ಅವರ ಅಂಗಾಲನ್ನು ನೀವೇ ನೋಡಿ, ಬೆರಳ ಸಂದಿಯನ್ನೂ.

ಇನ್ನು ಪ್ಲಾಸ್ಟಿಕ್ ಸರ್ಜನ್‌ಗಳು. ಸ್ತನ ತೆಗೆದ ಮೇಲೆ ಹೊಟ್ಟೆಯ ಚರ್ಮ-ಕೊಬ್ಬಿನಿಂದ ಹೊಸದು ಕಟ್ಟುವಾಗ, ಚರ್ಮಕ್ಕೆ ರಕ್ತ ತರುವ ಸಣ್ಣ ನಾಳಗಳು ಎಲ್ಲೆಲ್ಲಿ ಮೇಲೆ ಬರುತ್ತವೆ ಎಂದು ಗೊತ್ತಾಗಬೇಕು. ಹೊಟ್ಟೆಯನ್ನು ಸ್ವಲ್ಪ ತಂಪು ಮಾಡಿ, ಮತ್ತೆ ಬಿಸಿಯೇರುವಾಗ ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ ನಾಳ ಇರುವ ಜಾಗ ಮೊದಲು ಹೊಳೆಯುತ್ತದೆ. ಫೋನಿಗೆ ಸಿಕ್ಕಿಸುವ ಕ್ಯಾಮೆರಾದಿಂದಲೇ ಇದನ್ನು ಮಾಡಿ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಅಲ್ಲಿಯೂ ಡಾಪ್ಲರ್‌ನಂಥ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ. ಸುಟ್ಟ ಗಾಯ ಎಷ್ಟು ಆಳ ಎಂದು ಅಂದಾಜಿಸುವುದಕ್ಕೂ ಪ್ರಯೋಗಗಳಾಗಿವೆ.

ಇದರ ಜೊತೆ ಓಡಾಡುವ ಇನ್ನೆರಡು ಸಂದೇಶ

"ಹಣೆಗೆ ಹಿಡಿಯುವ ಗನ್ನಿನಿಂದ ಕಿರಣ ಬಂದು ಮಿದುಳಿನ ಪೀನಿಯಲ್ ಗ್ರಂಥಿ ಹಾಳಾಗುತ್ತದೆ." ಕೋವಿಡ್ ಕಾಲದಲ್ಲಿ ಹುಟ್ಟಿದ್ದು, ಇನ್ನೂ ಸತ್ತಿಲ್ಲ. ಆ ಗನ್ ಏನನ್ನೂ ಹೊಡೆಯುವುದಿಲ್ಲ. ನಿಮ್ಮ ಹಣೆ ಬಿಡುವ ಕಿರಣವನ್ನು ಅದು ಹಿಡಿದುಕೊಳ್ಳುತ್ತದೆ, ಕಣ್ಣು ಬೆಳಕನ್ನು ಹಿಡಿಯುವ ಹಾಗೆ. ಕಾರ್ಖಾನೆಯಲ್ಲಿ ಬಳಸುವ ಕೆಲವು ಗನ್‌ಗಳಲ್ಲಿ ಗುರಿ ತೋರಿಸಲು ಕೆಂಪು ಲೇಸರ್ ಚುಕ್ಕೆ ಇರುತ್ತದೆ. ಅದನ್ನು ಯಾರದೇ ಕಣ್ಣಿಗೆ ಹಿಡಿಯಬಾರದು, ಅಂಥ ಗನ್ನನ್ನು ಜ್ವರ ನೋಡಲು ಬಳಸಲೂಬಾರದು.

"ಆಸ್ಪತ್ರೆಯಲ್ಲಿ ಇನ್‌ಫ್ರಾರೆಡ್‌ನಿಂದ ಚರ್ಮದೊಳಗಿನ ನರ ತೋರಿಸುವ ವಿಡಿಯೊ ನೋಡಿ, ಅಂದರೆ ಒಳಗೆಲ್ಲ ಕಾಣುತ್ತದೆ." ವಿಡಿಯೊ ನಿಜ, ಯಂತ್ರ ಬೇರೆ. ಇಂಜೆಕ್ಷನ್ ಕೊಡಲು ರಕ್ತನಾಳ ಹುಡುಕುವ ಆ ಯಂತ್ರ ಬಳಸುವುದು ಟಿವಿ ರಿಮೋಟ್ ಜಾತಿಯ ಕಿರಣವನ್ನು. ಅದು ಚರ್ಮದೊಳಗೆ ಕೆಲವು ಮಿಲಿಮೀಟರ್ ಹೋಗುತ್ತದೆ, ರಕ್ತ ಅದನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನಾಳ ಕಪ್ಪು ಗೆರೆಯಾಗಿ ಕಾಣುತ್ತದೆ. ಮೈಬಿಸಿಗೂ ಅದಕ್ಕೂ ಸಂಬಂಧವಿಲ್ಲ, ಅದರಿಂದ ಕ್ಯಾನ್ಸರ್ ಹುಡುಕುವುದೂ ಇಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನಲ್ಲಿ ಕೆಂಪು ಬೆಳಕಿನ ಪಕ್ಕ ಇರುವ ಕಾಣದ ಬೆಳಕೂ ಇದೇ ಜಾತಿಯದು.